ಸುಳ್ಳು ಅಪಘಾತ ಕ್ಲೇಮ್: ‘ವಿಮೆಯವರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಿರಬೇಡಿ

ಮಾನ್ಯ ಸಂಪಾದಕರೇ,

ಬೈಕಿನಿಂದ ತಾನೇ ಜಾರಿಬಿದ್ದು ಕಾಲು ಮುರಿದುಕೊಂಡ ವ್ಯಕ್ತಿ ಎರಡು ವಾರ ಕಳೆದ ಮೇಲೆ ಠಾಣೆಗೆ ಬಂದು ‘ಕಾರು ಗುದ್ದಿತು’ ಎಂದು ದೂರು ಕೊಡುತ್ತಾನೆ. ದೂರಿನಲ್ಲಿ ಕಾರಿನ ನಂಬರ್ ಇರುತ್ತದೆ, ಆ ಕಾರಿಗೆ ಚಾಲ್ತಿಯಲ್ಲಿರುವ ವಿಮೆಯೂ ಇರುತ್ತದೆ. ಕಾರಿನ ಮಾಲೀಕರಿಗೆ ಇದು ಗೊತ್ತಾಗುವುದು ಠಾಣೆಯಿಂದ ಫೋನ್ ಬಂದಾಗ. ಕೆಲವರಿಗೆ ಅದೂ ಇಲ್ಲ, ನೇರವಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸೇ ಬರುತ್ತದೆ. ನೋಟಿಸ್ ಓದಿದವರು ಮೊದಲು ಗಾಬರಿಯಾಗುತ್ತಾರೆ. ಆಮೇಲೆ ಯಾರೋ ‘ಇನ್ಶೂರೆನ್ಸ್ ಇದೆಯಲ್ಲ, ಕಂಪನಿಯವರು ನೋಡಿಕೊಳ್ಳುತ್ತಾರೆ ಬಿಡಿ’ ಎಂದು ಸಮಾಧಾನ ಹೇಳುತ್ತಾರೆ. ಅಲ್ಲಿಗೆ ಪ್ರಕರಣ ಅರ್ಧ ಸೋತಂತೆಯೇ.

ಇದು ಅಲ್ಲೊಂದು ಇಲ್ಲೊಂದು ನಡೆಯುವ ಸಂಗತಿಯಲ್ಲ. ಇಂಥ ಕ್ಲೇಮ್‌ಗಳ ತನಿಖೆಗೆಂದೇ ವಿಶೇಷ ತನಿಖಾ ತಂಡ ರಚಿಸುವಂತೆ ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಆದೇಶಿಸಬೇಕಾಯಿತು. 2021ರಲ್ಲಿ ಅದೇ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಸುಳ್ಳು ಕ್ಲೇಮ್‌ಗಳಲ್ಲಿ ಭಾಗಿಯಾದ ವಕೀಲರ ಮೇಲೆ ಕ್ರಮದ ವಿಚಾರದಲ್ಲಿ ಉತ್ತರ ಪ್ರದೇಶದ ಬಾರ್ ಕೌನ್ಸಿಲ್ (ವಕೀಲರ ನಿಯಂತ್ರಣ ಸಂಸ್ಥೆ) ತೋರಿದ ಉದಾಸೀನವನ್ನು ಕೋರ್ಟು ಕಟುವಾಗಿ ಟೀಕಿಸಿತು. ವಕೀಲರಾದ ನಮಗೆ ಇದು ನಾಚಿಕೆಯ ವಿಷಯ. ನಿಜವಾಗಿ ಕೈಕಾಲು ಕಳೆದುಕೊಂಡವರ ಪಾಲಿಗೆ ಅದಕ್ಕಿಂತ ದೊಡ್ಡ ಅನ್ಯಾಯ. ಸುಳ್ಳು ಕೇಸು ಹೆಚ್ಚಿದಷ್ಟೂ ವಿಮಾ ಕಂಪನಿಗಳು ಪ್ರತಿ ಗಾಯಾಳುವನ್ನೂ ಸಂಶಯದಿಂದಲೇ ನೋಡುತ್ತವೆ, ನ್ಯಾಯವಾದ ಪರಿಹಾರ ವರ್ಷಗಟ್ಟಲೆ ತಡವಾಗುತ್ತದೆ.

ನ್ಯಾಯಮಂಡಳಿಯಲ್ಲಿ ಮಾಲೀಕರ ಪಕ್ಷ ಏಕೆ ಇಷ್ಟು ಸುಲಭವಾಗಿ ಸೋಲುತ್ತದೆ ಎಂಬುದನ್ನು ಮೊದಲು ಹೇಳಬೇಕು. ಕ್ರಿಮಿನಲ್ ಕೇಸಿನಲ್ಲಿ ಆರೋಪ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರದ ಅರ್ಜಿಯಲ್ಲಿ ಹಾಗಲ್ಲ, ಯಾವುದು ಹೆಚ್ಚು ಸಂಭವನೀಯ ಎಂದು ನೋಡುತ್ತಾರೆ ಅಷ್ಟೆ. ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಮೋಟಾರು ವಾಹನ ನಿರೀಕ್ಷಕರ ವರದಿ, ಚಾರ್ಜ್‌ಶೀಟ್ ಇವಿಷ್ಟು ಅರ್ಜಿದಾರರ ಕೈಲಿದ್ದು, ಎದುರು ಪಕ್ಷದಿಂದ ಒಂದು ಚೀಟಿಯೂ ಇಲ್ಲದಿದ್ದರೆ ತಕ್ಕಡಿ ತಾನಾಗಿಯೇ ಅತ್ತ ವಾಲುತ್ತದೆ. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮನ್ನು ಅನುಮಾನಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆ ಮಾತು ನ್ಯಾಯವಾದದ್ದೇ, ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸೇರಿಸುವುದು ಬಿಟ್ಟು ಯಾರೂ ಠಾಣೆಗೆ ಓಡುವುದಿಲ್ಲ. ಆದ್ದರಿಂದ ‘ದೂರು ಹದಿನೈದು ದಿನ ತಡ’ ಎಂಬ ವಾದವೊಂದನ್ನೇ ನೆಚ್ಚಿಕೊಂಡು ಹೋದರೆ ಆಗದು. ಆ ಹದಿನೈದು ದಿನದಲ್ಲಿ ಏನೇನು ಬದಲಾಯಿತು ಎಂದು ದಾಖಲೆ ಹಿಡಿದು ತೋರಿಸಬೇಕು.

ಅಪಘಾತ ನಿಜವಾಗಿಯೂ ನಡೆದು, ಸಣ್ಣದನ್ನು ದೊಡ್ಡದು ಮಾಡುವ ಪ್ರಕರಣಗಳೇ ಹೆಚ್ಚು. ಅಲ್ಲಿ ಸ್ಥಳದಲ್ಲಿ ಮಾಡಿದ ಕೆಲಸವೇ ಕೊನೆಯವರೆಗೆ ಕಾಪಾಡುತ್ತದೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು. ಜನ ಮೈಮೇಲೆ ಬೀಳುವಂತಿದ್ದರೆ ಅಥವಾ ಕೈಮೀರಿದ ಬೇರೆ ಕಾರಣವಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಬೇಕು: ಪಾಲಿಸಿ ಸಂಖ್ಯೆ ಮತ್ತು ಅವಧಿ, ಅಪಘಾತದ ದಿನ, ಸಮಯ, ಸ್ಥಳ, ಗಾಯಗೊಂಡವರ ವಿವರ, ಚಾಲಕರ ಹೆಸರು, ಲೈಸೆನ್ಸ್ ವಿವರ. ಇದನ್ನು ಬರಿಯ ಕಾನೂನಿನ ಹೊರೆ ಎಂದುಕೊಂಡವರೇ ಬಹಳ. ವಾಸ್ತವದಲ್ಲಿ ಮಾಲೀಕರ ಮೊದಲ ರಕ್ಷಣೆ ಇದೇ. ‘ಒಬ್ಬರಿಗೆ ಮೊಣಕೈ ತರಚಿದೆ, ಬೈಕಿನಲ್ಲಿ ಇದ್ದದ್ದು ಒಬ್ಬರೇ’ ಎಂದು ನೀವು ಅದೇ ದಿನ ಬರೆದುಕೊಟ್ಟಿದ್ದರೆ, ಮೂರು ತಿಂಗಳ ನಂತರ ಹಿಂಬದಿ ಸವಾರರೊಬ್ಬರು ಹೊಸದಾಗಿ ಹುಟ್ಟಿಕೊಳ್ಳುವುದು ಕಷ್ಟ.

ಅದಕ್ಕೇ ವಾಹನ ಸರಿಸುವ ಮುನ್ನ ಫೋಟೊ ತೆಗೆಯಿರಿ. ಮುರಿದ ಬಂಪರಿನ ಹತ್ತಿರದ ಚಿತ್ರವೊಂದೇ ಸಾಲದು. ನಾಲ್ಕು ದಿಕ್ಕಿನಿಂದ ರಸ್ತೆ, ಅಕ್ಕಪಕ್ಕದ ಅಂಗಡಿ ಅಥವಾ ಕಂಬ, ಎರಡೂ ವಾಹನಗಳ ನಂಬರ್ ಪ್ಲೇಟ್, ತಾಗಿದ ಜಾಗ, ಬ್ರೇಕಿನ ಗುರುತು ಕಾಣಬೇಕು. ಎದುರಿನ ವಾಹನದಲ್ಲಿ ಎಷ್ಟು ಜನ ಇದ್ದರು ಎಂಬುದು ಒಂದಾದರೂ ಚಿತ್ರದಲ್ಲಿ ತಿಳಿಯಬೇಕು. ಬಳಿಕ ತಾಗಿದ ಗುರುತು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳತೆ ಟೇಪ್ ಹಿಡಿದು ಒಂದು ಚಿತ್ರ ತೆಗೆದಿಡಿ. ಬೈಕಿನ ಹ್ಯಾಂಡಲ್ ತಾಗಿತು ಎನ್ನುವ ಕಡೆ ಗೀರು ಮೊಳಕಾಲಿನ ಎತ್ತರದಲ್ಲಿದ್ದರೆ ಆ ಕಥೆ ಅಲ್ಲೇ ಸಡಿಲವಾಗುತ್ತದೆ. ನಿಮಗೂ ಅವರಿಗೂ ಸಂಬಂಧವಿಲ್ಲದ ಇಬ್ಬರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. 112ಕ್ಕೆ ಕರೆ ಮಾಡಿದರೆ ಕರೆಯ ಸಮಯ ಸರ್ಕಾರಿ ದಾಖಲೆಯಲ್ಲಿ ಉಳಿಯುತ್ತದೆ. 108 ಆಂಬುಲೆನ್ಸ್ ಬಂದಿದ್ದರೆ ಅದರ ದಾಖಲೆಯೂ ಹಾಗೆಯೇ.

ಸ್ಥಳದಲ್ಲೇ ‘ಐದು ಸಾವಿರ ಕೊಟ್ಟು ಮುಗಿಸಿ’ ಎನ್ನುವ ಪಂಚಾಯಿತಿ ಎಲ್ಲ ಕಡೆ ನಡೆಯುತ್ತದೆ. ದುಡ್ಡು ಕೊಟ್ಟು ಬಂದರೆ ಮುಗಿಯಿತು ಎಂದು ತಿಳಿಯಬೇಡಿ. ಆ ಹಣವನ್ನೇ ನಾಳೆ ‘ತಪ್ಪೊಪ್ಪಿಕೊಂಡು ಕೊಟ್ಟದ್ದು’ ಎನ್ನುತ್ತಾರೆ. ಮಾನವೀಯತೆಯಿಂದ ಆಸ್ಪತ್ರೆಯ ಖರ್ಚು ಕೊಡುವುದಾದರೆ ಆಸ್ಪತ್ರೆಯ ಕೌಂಟರಿಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಯಾವ ಖಾಲಿ ಕಾಗದಕ್ಕೂ ಸಹಿ ಹಾಕಬೇಡಿ. ರಾಜಿಯಾಗಿದ್ದರೂ ಠಾಣೆಗೆ ಎರಡು ಸಾಲಿನ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಠಾಣೆಗೂ ಜಿಲ್ಲಾ ಪೊಲೀಸ್ ವರಿಷ್ಠರಿಗೂ ಕಳಿಸಿ, ಪೋಸ್ಟಿನ ರಸೀದಿ ಜೋಪಾನವಾಗಿಡಿ.

ಡ್ಯಾಶ್‌ಕ್ಯಾಮ್, ಸಿಸಿಟಿವಿ ಇದ್ದರೆ ಸಾಕು ಎಂಬ ಭಾವನೆ ಈಗ ಬೆಳೆದಿದೆ. ಇರುವುದು ಒಳ್ಳೆಯದೇ, ಆದರೆ ಕೋರ್ಟಿಗೆ ತಲುಪುವ ಹೊತ್ತಿಗೆ ಮುಕ್ಕಾಲು ಪಾಲು ದೃಶ್ಯ ಕೆಲಸಕ್ಕೆ ಬಾರದಂತಾಗಿರುತ್ತದೆ. ಡ್ಯಾಶ್‌ಕ್ಯಾಮ್ ಹಳೆಯ ದೃಶ್ಯದ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ. 64 ಜಿಬಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಎಂಟು ಹತ್ತು ಗಂಟೆಯ ಓಟ ಮಾತ್ರ ಉಳಿಯುತ್ತದೆ. ಹಗುರವಾದ ತಾಗುವಿಕೆಗೆ ಅದರ ಸೆನ್ಸರ್ ಎಚ್ಚರಗೊಳ್ಳದೆ ಫೈಲ್ ಲಾಕ್ ಆಗದಿರುವುದೂ ಉಂಟು. ಹಾಗಾಗಿ ಅದೇ ದಿನ ಕಾರ್ಡನ್ನು ತೆಗೆದು ಲಕೋಟೆಗೆ ಹಾಕಿ, ಮೇಲೆ ದಿನಾಂಕ ಬರೆದು ಎತ್ತಿಡಿ, ಕ್ಯಾಮೆರಾಕ್ಕೆ ಬೇರೆ ಕಾರ್ಡ್ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡ ಪ್ರತಿಯನ್ನು ನೆಚ್ಚಬೇಡಿ, ಅದರಲ್ಲಿ ದೃಶ್ಯದ ಗುಣಮಟ್ಟವೂ ಫೈಲಿನ ಮೂಲ ವಿವರವೂ ಹೋಗಿಬಿಡುತ್ತವೆ. ಅಂಗಡಿ, ಅಪಾರ್ಟ್‌ಮೆಂಟುಗಳ ಸಿಸಿಟಿವಿ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ಅವರಿಗೆ ಅದೇ ದಿನ ಬರಹದಲ್ಲಿ ಕೇಳಿ, ತನಿಖಾಧಿಕಾರಿಗೂ ‘ಇಂಥಲ್ಲಿ ಕ್ಯಾಮೆರಾ ಇದೆ, ದೃಶ್ಯ ವಶಪಡಿಸಿಕೊಳ್ಳಿ’ ಎಂದು ಬರೆದುಕೊಡಿ. ಇನ್ನೊಂದು ಸಣ್ಣ ಕೆಲಸ ಯಾರೂ ಮಾಡುವುದಿಲ್ಲ: ಸಿಸಿಟಿವಿ ಪರದೆಯ ಗಡಿಯಾರವನ್ನೂ ನಿಮ್ಮ ಫೋನಿನ ಗಡಿಯಾರವನ್ನೂ ಒಂದೇ ಚಿತ್ರದಲ್ಲಿ ಸೆರೆಹಿಡಿಯುವುದು. ಇಪ್ಪತ್ತು ನಿಮಿಷ ಹಿಂದೆಮುಂದೆ ಇರುವ ಗಡಿಯಾರದಿಂದ ಒಳ್ಳೆಯ ಸಾಕ್ಷ್ಯವೂ ಪಾಟೀಸವಾಲಿನಲ್ಲಿ ಮುರಿದುಬೀಳುತ್ತದೆ.

ಈ ದೃಶ್ಯದ ಪ್ರತಿಯನ್ನು ಹಾಜರುಪಡಿಸಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ಸಾಧನ ಯಾರ ವಶದಲ್ಲಿತ್ತೋ ಅವರು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಕೇತ) ನಮೂದಿಸಬೇಕು. ಅಂಗಡಿಯವರು ಎರಡು ವರ್ಷ ಬಿಟ್ಟು ಸಹಿ ಹಾಕಲು ಸಿಗುವುದಿಲ್ಲ, ಪ್ರತಿ ಪಡೆಯುವ ದಿನವೇ ಅವರ ಭಾಗಕ್ಕೆ ಸಹಿ ಮಾಡಿಸಿಕೊಳ್ಳಿ.

ಇನ್ನು, ಅಪಘಾತವೇ ನಡೆಯದೆ ನಿಮ್ಮ ವಾಹನದ ನಂಬರ್ ಮಾತ್ರ ದೂರಿನಲ್ಲಿ ಬಂದಿದ್ದರೆ? ಗಾಡಿಯನ್ನು ಠಾಣೆಗೆ ಒಪ್ಪಿಸುವ ಮೊದಲೇ ಸುತ್ತಲೂ ಫೋಟೊ, ವಿಡಿಯೊ ಮಾಡಿ. ಯಾವುದೇ ರಿಪೇರಿ, ಪೇಂಟ್ ಬೇಡ. ಹೇಳಲಾದ ದಿನ ವಾಹನ ಎಲ್ಲಿತ್ತು ಎಂಬುದಕ್ಕೆ ನೀವು ಮರೆತಿರುವ ದಾಖಲೆಗಳು ಅನೇಕ ಇರುತ್ತವೆ: ಫಾಸ್ಟ್ಯಾಗ್ ಸ್ಟೇಟ್‌ಮೆಂಟ್, ಪೆಟ್ರೋಲ್ ಬಂಕಿನಲ್ಲಿ ಮಾಡಿದ ಯುಪಿಐ ಪಾವತಿ, ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್, ಕಚೇರಿಯ ಪಾರ್ಕಿಂಗ್ ದಾಖಲೆ, ವಾಣಿಜ್ಯ ವಾಹನವಾದರೆ ಜಿಪಿಎಸ್ ದಾಖಲೆ. ಹೊಗೆ ತಪಾಸಣೆಯ ಸರ್ಟಿಫಿಕೇಟನ್ನೂ ಮರೆಯಬೇಡಿ. ಅದರಲ್ಲಿ ದಿನಾಂಕ, ಸಮಯ, ವಾಹನದ ಚಿತ್ರ ಮೂರೂ ಇರುತ್ತವೆ. ಅಪಘಾತವಾಯಿತು ಎನ್ನುವ ದಿನದ ನಂತರದ ಚಿತ್ರದಲ್ಲಿ ಬಂಪರ್ ಸರಿಯಾಗಿದ್ದರೆ ಅದೂ ಒಂದು ಸಾಕ್ಷ್ಯವೇ.

ಆಗ ವಾಹನ ಓಡಿಸುತ್ತಿದ್ದವರು ಯಾರು ಎಂದು ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಅಡಿ ಪೊಲೀಸರು ಕೇಳುತ್ತಾರೆ. ಇಲ್ಲಿ ಪ್ರಾಮಾಣಿಕರೇ ಎಡವುವುದುಂಟು. ಮಗನಿಗೆ ಲೈಸೆನ್ಸ್ ಇಲ್ಲವೆಂದು ಡ್ರೈವರ್ ಹೆಸರು ಬರೆಯುವುದು, ಠಾಣೆಯವರು ಹೇಳಿದರೆಂದು ‘ನಾನೇ ಓಡಿಸುತ್ತಿದ್ದೆ’ ಎಂದುಬಿಡುವುದು. ಒಂದು ಸುಳ್ಳು ಹೊಕ್ಕಿತೆಂದರೆ ಉಳಿದ ಸತ್ಯಕ್ಕೂ ಬೆಲೆಯಿರುವುದಿಲ್ಲ. ಆ ದಿನ ಅಲ್ಲಿಗೆ ಹೋಗಿಯೇ ಇಲ್ಲವಾದರೆ ಹಾಗೆಂದೇ ಬರೆದು, ದಾಖಲೆಗಳ ಪ್ರತಿ ಸೇರಿಸಿ, ಸ್ವೀಕೃತಿ ಪಡೆಯಿರಿ.

ಎಫ್‌ಐಆರ್ ಪ್ರತಿ ತರಿಸಿಕೊಂಡು ನಿಧಾನವಾಗಿ ಓದಿ. ಮೊದಲ ದೂರಿನಲ್ಲಿ ‘ಅಪರಿಚಿತ ವಾಹನ’ ಎಂದಿದ್ದು ನಂತರದ ಮರುಹೇಳಿಕೆಯಲ್ಲಿ ನಂಬರ್ ಬಂದಿದೆಯೇ? ನಂಬರನ್ನು ಯಾರು, ಎಲ್ಲಿಂದ ನೋಡಿದರು? ದೂರು ಕೊಟ್ಟವರು ಸ್ಥಳದಲ್ಲಿದ್ದರೇ? ಇದೆಲ್ಲಕ್ಕಿಂತ ತೂಕದ್ದು ಆಸ್ಪತ್ರೆಯ ಮೊದಲ ಕಾಗದ. ಗಾಯಾಳು ಮೊದಲು ಹೋದ ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳ) ರಿಜಿಸ್ಟರಿನಲ್ಲಿ, ಕೇಸ್ ಶೀಟಿನಲ್ಲಿ ಗಾಯ ಹೇಗಾಯಿತು ಎಂದು ಅವರೇ ಹೇಳಿದ್ದನ್ನು ಬರೆದಿರುತ್ತಾರೆ. ಆಗಿನ್ನೂ ಪರಿಹಾರದ ಯೋಚನೆ ಯಾರ ತಲೆಯಲ್ಲೂ ಇರುವುದಿಲ್ಲವಾದ್ದರಿಂದ ಸತ್ಯ ಅಲ್ಲೇ ಸಿಗುತ್ತದೆ. ‘ಬೈಕ್ ಸ್ಕಿಡ್ ಆಗಿ ಬಿದ್ದದ್ದು’ ಎಂದು ಅಲ್ಲಿದ್ದು, ಎರಡನೇ ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿ ‘ಕಾರು ಡಿಕ್ಕಿ’ ಎಂದಾಗಿದ್ದರೆ ಇಡೀ ಕೇಸು ಆ ಎರಡು ಸಾಲಿನ ನಡುವೆ ನಿಂತಿರುತ್ತದೆ. ಅರ್ಜಿದಾರರು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಹಾಜರುಪಡಿಸುತ್ತಾರೆ. ಮೊದಲನೆಯದನ್ನು ಸಮನ್ಸ್ ಮೂಲಕ ತರಿಸುವಂತೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಾದವರು ನೀವು. ಎಕ್ಸ್‌ರೇ ಇದ್ದರೆ ಫಿಲ್ಮಿನ ಮೇಲಿನ ಹೆಸರು, ದಿನಾಂಕ ನೋಡಿ. ವಯಸ್ಕರಲ್ಲಿ ಮೂಳೆ ಮುರಿದ ಎರಡು ಮೂರು ವಾರಕ್ಕೆ ಅಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುವುದು ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ. ‘ನಿನ್ನೆ ಅಪಘಾತ’ ಎನ್ನುವ ಎಕ್ಸ್‌ರೇಯಲ್ಲಿ ಅದು ಕಂಡರೆ ಗಾಯ ಹಳೆಯದು. ಈ ಪ್ರಶ್ನೆಯನ್ನು ವೈದ್ಯ ಸಾಕ್ಷಿಗೇ ಕೇಳಬೇಕು.

ಈಗ ಎಲ್ಲಕ್ಕಿಂತ ದುಬಾರಿ ತಪ್ಪಿನ ಮಾತು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ‘ತಪ್ಪು ಒಪ್ಪಿಕೊಂಡು ದಂಡ ಕಟ್ಟಿಬಿಡಿ, ಒಂದೇ ದಿನಕ್ಕೆ ಮುಗಿಯುತ್ತದೆ’ ಎಂಬ ಸಲಹೆ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ನಿನ ದಂಡ ಗರಿಷ್ಠ 1,000 ರೂಪಾಯಿ, ಗಾಯಕ್ಕೆ ಸಂಬಂಧಿಸಿದ 125ರಲ್ಲಿ 5,000, ತೀವ್ರ ಗಾಯವಾದರೆ 10,000. ಜೈಲು ಶಿಕ್ಷೆಯೂ ಆ ಸೆಕ್ಷನ್‌ಗಳಲ್ಲೇ ಇದೆ ಎನ್ನುವುದು ಬೇರೆ ಮಾತು. ಮೊತ್ತ ಚಿಕ್ಕದೆಂದು ಒಪ್ಪಿಕೊಂಡ ಆ ತಪ್ಪೊಪ್ಪಿಗೆಯ ಪ್ರತಿ ಮರುದಿನವೇ ನ್ಯಾಯಮಂಡಳಿಯಲ್ಲಿ ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ. ಮಾಡದ ತಪ್ಪನ್ನು ಒಪ್ಪಿಕೊಳ್ಳಬೇಡಿ. ದಾಖಲೆಗಳು ಗಟ್ಟಿಯಾಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಸೆಕ್ಷನ್ ಅಡಿ ಪ್ರಕರಣ ರದ್ದು ಕೋರಿ ಹೈಕೋರ್ಟಿಗೆ ಹೋಗುವ ದಾರಿಯಿದೆ.

ನ್ಯಾಯಮಂಡಳಿಯ ನೋಟಿಸ್ ಬಂದರೆ ಹಾಜರಾಗಲೇಬೇಕು, ವಿಮೆ ಇದ್ದರೂ. ಮಾಲೀಕರು ಬಾರದೆ ಎಕ್ಸ್‌ಪಾರ್ಟೆ ಆದರೆ (ಅವರ ಗೈರಿನಲ್ಲೇ ವಿಚಾರಣೆ ನಡೆದರೆ) ‘ಅಪಘಾತವೇ ಆಗಿಲ್ಲ’ ಎಂದು ಹೇಳುವ ಬಾಯಿಯೇ ಇರುವುದಿಲ್ಲ. ವಿಮಾ ಕಂಪನಿಯನ್ನು ಪಕ್ಷಗಾರರನ್ನಾಗಿ ಸೇರಿಸದೆ ನೋಟಿಸ್ ಮಾತ್ರ ಕೊಟ್ಟಿದ್ದರೆ, ಅದು ಪಾಲಿಸಿಯ ಷರತ್ತುಗಳಾಚೆಗೂ ಎಲ್ಲ ಅಂಶಗಳ ಮೇಲೆ ಹೋರಾಡಲು ಮೋಟಾರು ವಾಹನ ಕಾಯ್ದೆಯ 170ನೇ ಸೆಕ್ಷನ್ ಅಡಿ ಅನುಮತಿ ಪಡೆಯಬೇಕು. ಆ ಅರ್ಜಿ ಹಾಕಿದ್ದಾರೆಯೇ ಎಂದು ಅವರ ವಕೀಲರನ್ನು ನೀವೇ ವಿಚಾರಿಸಿ. ಪಾಲಿಸಿ, ಆರ್‌ಸಿ, ಲೈಸೆನ್ಸ್, ವಾಣಿಜ್ಯ ವಾಹನವಾದರೆ ಪರ್ಮಿಟ್ ಮತ್ತು ಫಿಟ್ನೆಸ್ ಪ್ರತಿಗಳನ್ನು ಬರಹದ ಜೊತೆ ಕಂಪನಿಗೆ ಕೊಡಿ. ಚಾಲಕ ಕಟಕಟೆ ಹತ್ತಿ ಸಾಕ್ಷಿ ಹೇಳಲೇಬೇಕು. ಆಕ್ಷೇಪಣೆಯಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಚಾಲಕನ ಸಾಕ್ಷ್ಯವಿಲ್ಲದಿದ್ದರೆ ಕೋರ್ಟು ಅದನ್ನು ನಿಮ್ಮ ವಿರುದ್ಧವೇ ತೆಗೆದುಕೊಳ್ಳುವ ಸಂಭವ ಹೆಚ್ಚು. ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾಗಿದೆ ಎಂಬುದೂ ಇಲ್ಲಿ ತಾನಾಗಿಯೇ ಕಾಪಾಡುವುದಿಲ್ಲ.

ವಿಮೆಯ ಭರವಸೆಗೂ ಮಿತಿಯಿದೆ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಗಾಯ, ಸಾವಿನ ಪರಿಹಾರಕ್ಕೆ ಮೊತ್ತದ ಮಿತಿಯಿಲ್ಲ ನಿಜ. ಆದರೆ ಚಾಲಕನ ಲೈಸೆನ್ಸ್ ಅವಧಿ ಮುಗಿದಿದ್ದರೆ, ವಾಣಿಜ್ಯ ವಾಹನಕ್ಕೆ ಪರ್ಮಿಟ್ ಇಲ್ಲದಿದ್ದರೆ, ಕಂಪನಿ ಗಾಯಾಳುವಿಗೆ ಹಣ ಕೊಟ್ಟು ನಂತರ ಮಾಲೀಕರಿಂದ ವಸೂಲು ಮಾಡುವಂತೆ ಆದೇಶವಾಗಬಹುದು. ಪಾಲಿಸಿ ನವೀಕರಣ ಒಂದು ದಿನ ತಪ್ಪಿದ್ದರೂ ಪೂರ್ತಿ ಹೊರೆ ನಿಮ್ಮದೇ.

ಆ ಹೊರೆ ಎಷ್ಟಿರುತ್ತದೆ ಎಂಬುದಕ್ಕೆ ಒಂದು ಲೆಕ್ಕ. 33 ವರ್ಷದವರ ತಿಂಗಳ ಆದಾಯ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ಪ್ರಕರಣದ ಕೋಷ್ಟಕದಂತೆ ಆ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 16. ಇಡೀ ದೇಹದ ಅಂಗವೈಕಲ್ಯ ಶೇ 15 ಎಂದಾದರೆ ಮುಂದಿನ ಆದಾಯ ನಷ್ಟಕ್ಕೇ 4,32,000 ರೂಪಾಯಿ. ಶೇ 45 ಎಂದು ಒಪ್ಪಿದರೆ 12,96,000. ಆಸ್ಪತ್ರೆ ಬಿಲ್, ನೋವಿಗೆ ಪರಿಹಾರ ಬೇರೆ. ಒಂದು ಕಾಲಿಗೆ ಶೇ 45 ಎಂದು ವೈದ್ಯರು ಹೇಳಿದ್ದನ್ನು ಇಡೀ ದೇಹಕ್ಕೆ ಶೇ 45 ಎಂದು ಓದಿಸುವ ಪ್ರಯತ್ನ ಸದಾ ನಡೆಯುತ್ತದೆ. ಅದಕ್ಕೂ ಮುಂದೆ ಹೋಗಿ, ಆ ಊನದಿಂದ ದುಡಿಮೆ ನಿಜವಾಗಿ ಎಷ್ಟು ಕುಗ್ಗಿತು ಎಂದು ನೋಡಬೇಕು. ವೈದ್ಯರು ಬರೆದ ಶೇಕಡಾವಾರನ್ನು ಯಾಂತ್ರಿಕವಾಗಿ ಒಪ್ಪಬಾರದು ಎಂದು ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪ್ರಮಾಣಪತ್ರ ಕೊಟ್ಟವರು ಚಿಕಿತ್ಸೆ ನೀಡಿದ ವೈದ್ಯರೇ, ಸಾಕ್ಷಿ ಹೇಳಲೆಂದೇ ಒಮ್ಮೆ ನೋಡಿದವರೇ ಎಂದು ಕೇಳಿ. ಸಂಬಳದ ಪತ್ರ ಇದ್ದರೆ ಬ್ಯಾಂಕ್ ಖಾತೆಯಲ್ಲಿ ಆ ಸಂಬಳ ಬಿದ್ದಿದೆಯೇ ಕೇಳಿ. ಗಾಯಾಳು ಈಗಲೂ ಅದೇ ಕೆಲಸದಲ್ಲಿ ಅದೇ ಸಂಬಳಕ್ಕೆ ಇದ್ದಾರೆಯೇ ಎಂಬುದನ್ನೂ ಕೇಳಬೇಕು. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಿದರೆ ಹಿಂದಿನ ಕ್ಲೇಮ್‌ಗಳೂ ಕಾಣಸಿಗಬಹುದು. ಒಂದೇ ಮೂಳೆ ಮುರಿತಕ್ಕೆ ಎರಡು ಅರ್ಜಿ ಹಾಕಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಆದೇಶ ವಿರುದ್ಧ ಬಂದರೆ ಮೋಟಾರು ವಾಹನ ಕಾಯ್ದೆಯ 173ನೇ ಸೆಕ್ಷನ್ ಪ್ರಕಾರ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಹಣ ಕಟ್ಟಬೇಕಾದವರು ಮೇಲ್ಮನವಿ ಹಾಕುವಾಗ 25,000 ರೂಪಾಯಿ ಅಥವಾ ಆದೇಶಿತ ಮೊತ್ತದ ಅರ್ಧ, ಎರಡರಲ್ಲಿ ಕಡಿಮೆಯದ್ದನ್ನು ಠೇವಣಿ ಇಡಬೇಕು. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಯೇ ಇಲ್ಲ. ಕೋರ್ಟಿನಲ್ಲಿ ಸುಳ್ಳೆಂದು ತಿಳಿದೇ ಕ್ಲೇಮ್ ಮಾಡುವುದು ನ್ಯಾಯ ಸಂಹಿತೆಯ 246ನೇ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ಸುಳ್ಳು ಸಾಬೀತಾದ ಕೇಸುಗಳಲ್ಲಿ ಅರ್ಜಿ ವಜಾ ಮಾಡಿ ಬಿಡುವುದಕ್ಕಿಂತ, ಸುರಕ್ಷಾ ಸಂಹಿತೆಯ 379ನೇ ಸೆಕ್ಷನ್ ಅಡಿ ವಿಚಾರಣೆ ಕೋರಿ ಅರ್ಜಿ ಹಾಕಬೇಕು. ಬಹಳ ಮಂದಿ ಗೆದ್ದ ಆಯಾಸದಲ್ಲಿ ಅಲ್ಲಿಗೇ ಕೈಬಿಡುತ್ತಾರೆ.

ಓದುಗರಲ್ಲಿ ಒಂದು ಮನವಿಯೂ ಇದೆ. ಪರಿಚಯದವರು ಬಿದ್ದು ಪೆಟ್ಟುಮಾಡಿಕೊಂಡಾಗ ‘ನಿಮ್ಮ ಗಾಡಿ ನಂಬರ್ ಕೊಡಿ, ದುಡ್ಡು ಕಂಪನಿಯದು, ನಿಮಗೇನು ನಷ್ಟ’ ಎಂದು ಕೇಳುವವರಿದ್ದಾರೆ. ಅವರ ಕಷ್ಟ ನಿಜವೇ ಇರಬಹುದು. ಆದರೂ ನಂಬರ್ ಕೊಟ್ಟ ಕ್ಷಣಕ್ಕೆ ನಿಮ್ಮ ಚಾಲಕ ಆರೋಪಿ, ನೀವು ಸಂಚಿನ ಪಾಲುದಾರರು. ಅವರಿಗೆ ಸಹಾಯ ಮಾಡಬೇಕೆಂದಿದ್ದರೆ ಆಸ್ಪತ್ರೆ ಬಿಲ್ಲಿಗೆ ಕೈಲಾದಷ್ಟು ಕೊಡಿ, ಅವರ ಆರೋಗ್ಯ ವಿಮೆ ಇದೆಯೇ ನೋಡಿ, ಅವರ ವಾಹನದ ಪಾಲಿಸಿಯಲ್ಲಿ ಮಾಲೀಕ-ಚಾಲಕರಿಗಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅನ್ವಯಿಸುತ್ತದೆಯೇ ಪರಿಶೀಲಿಸಿ. ಅದು ಸಾವು ಮತ್ತು ಕೈಕಾಲು, ಕಣ್ಣು ಕಳೆದುಕೊಂಡಂಥ ಶಾಶ್ವತ ಊನಕ್ಕೆ ಮಾತ್ರ, ಸಾಮಾನ್ಯ ಮೂಳೆ ಮುರಿತಕ್ಕಲ್ಲ.

ಪೊಲೀಸ್ ಇಲಾಖೆಯಿಂದ ಆಗಬೇಕಾದದ್ದು ಹೊಸದೇನೂ ಅಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ತನಿಖಾಧಿಕಾರಿ ಅಪಘಾತದ ಮೊದಲ ವರದಿಯನ್ನು, ಮಾಹಿತಿ ಬಂದ 48 ಗಂಟೆಯೊಳಗೆ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ವಿವರವಾದ ವರದಿ. ಚಾಲಕರೂ ಮಾಲೀಕರೂ ತಮ್ಮ ತಮ್ಮ ನಮೂನೆಗಳನ್ನು 30 ದಿನದೊಳಗೆ ತುಂಬಿಕೊಡಬೇಕು. ಆ 48 ಗಂಟೆಯ ವರದಿ ನಿಜವಾಗಿ ಹೊರಟರೆ, ಆಮೇಲೆ ನಂಬರ್ ಹುಡುಕಿ ತಂದು ಸೇರಿಸುವುದು ಕಷ್ಟವಾಗುತ್ತದೆ. ನಿಮ್ಮ ಮೇಲೆ ಕೇಸಾದರೆ ಆ ಮೊದಲ ವರದಿಯ ಪ್ರತಿ ಎಲ್ಲಿ ಎಂದು ಠಾಣೆಯಲ್ಲೂ ನ್ಯಾಯಮಂಡಳಿಯಲ್ಲೂ ಕೇಳಿ.

ಕೊನೆಗೆ, ಹಳೆಯ ಗಾಡಿ ಮಾರಿದವರಿಗೆ. ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಗಾಡಿ ಯಾರ ಕೈಯಲ್ಲೇ ಇರಲಿ, ಕಾನೂನಿನ ಕಣ್ಣಿಗೆ ಮಾಲೀಕರು ನೀವೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಮತ್ತೆ ಹೇಳಿದೆ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ನಮೂನೆ 29ರಲ್ಲಿ ಆರ್‌ಟಿಒಗೆ ತಿಳಿಸಿ, ನಮೂನೆ 30ಕ್ಕೆ ಕೊಂಡವರ ಸಹಿ ಆಗಿದೆಯೇ ಖಚಿತಪಡಿಸಿಕೊಂಡು, ವಾಹನ್ ಜಾಲತಾಣದಲ್ಲಿ ಹೆಸರು ಬದಲಾದದ್ದನ್ನು ನೋಡುವವರೆಗೆ ಮಾರಾಟದ ಕಾಗದ, ಕೊಂಡವರ ಗುರುತಿನ ಚೀಟಿಯ ಪ್ರತಿ ಎರಡನ್ನೂ ಎತ್ತಿಡಿ. ದಲ್ಲಾಳಿ ಹೆಸರು ಬದಲಾಯಿಸುತ್ತೇನೆ ಎಂದು ಹೇಳಿದ ಮಾತಿಗೆ ನ್ಯಾಯಮಂಡಳಿಯಲ್ಲಿ ಬೆಲೆಯಿಲ್ಲ.

ಇಂತಿ,
ನಿಮ್ಮ ಓದುಗರಾದ ಇಬ್ಬರು ವಕೀಲರು